ದಾವಣಗೆರೆ ಸೀಮೆಯಲ್ಲಿ ಪ್ರಾಣಿಗಳಿಗೊಂದು ಆಶ್ರಯಧಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿಗೆ ಬಿದ್ದ ನಾಯಿ, ಬೆಕ್ಕು, ದನ, ಕತ್ತೆಗಳಿಗೆ ಒಂದು ನೆಲೆ ಮಾಡಬೇಕು ಅಂತ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯವರು ತುಂಬಾ ಜನ ಕೇಳುತ್ತಾರೆ. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಮನಸ್ಸು ದೊಡ್ಡದಿದೆ, ಕೈಯಲ್ಲಿ ದುಡ್ಡು ಕಮ್ಮಿ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಉದ್ದ ಇವೆ. ಅಲ್ಲಿ ಎಡವಿದರೆ ಪ್ರಾಣಿಗಳ ಜೀವ ಹೋಗುತ್ತದೆ, ಅದಕ್ಕೆ.

ಎಲ್ಲಕ್ಕಿಂತ ಮೊದಲು ಏನು ತೀರ್ಮಾನ ಮಾಡಬೇಕು?

ಒಳಗೆ ಬಂದ ಪ್ರಾಣಿ ಹೊರಗೆ ಹೋಗುವುದು ಹೇಗೆ ಅನ್ನೋದನ್ನ. ಹೆಸರು, ಬೋರ್ಡು, ಜಾಗ ಎಲ್ಲ ಆಮೇಲೆ.

ಒಂದು ಪ್ರಾಣಿ ಹೊರಗೆ ಹೋಗಲು ಮೂರು ದಾರಿ ಇವೆ. ವಾಸಿಯಾಗಿ ತನ್ನ ಬೀದಿಗೆ ವಾಪಸ್ ಹೋಗಬಹುದು. ಯಾರಾದರೂ ದತ್ತು ತೆಗೆದುಕೊಳ್ಳಬಹುದು. ಕಳೆದುಹೋದದ್ದಾದರೆ ಮಾಲೀಕರಿಗೆ ಸಿಗಬಹುದು. ಈ ಮೂರೂ ಇಲ್ಲದವು ನಿಮ್ಮಲ್ಲೇ ಉಳಿಯುತ್ತವೆ: ಕುರುಡು, ಹಿಂಗಾಲು ಬಿದ್ದುಹೋದವು, ತೀರಾ ಮುದಿಯಾದವು. ನಾಯಿ ಅಂದರೆ ಹತ್ತು ಹನ್ನೆರಡು ವರ್ಷದ ಮಾತು. ಹಸು ಇಪ್ಪತ್ತು ವರ್ಷದ ಹತ್ತಿರಕ್ಕೂ ಬದುಕುತ್ತದೆ. ನಿಮ್ಮಲ್ಲಿ ಇಪ್ಪತ್ತು ನಾಯಿಗೆ ಜಾಗ ಇದ್ದು, ಹದಿನೈದು ಹೀಗೆ ಉಳಿದವೇ ಆದರೆ, ನಿಮ್ಮ ಆಶ್ರಯಧಾಮ ನಿಜವಾಗಿ ಐದು ನಾಯಿಯದ್ದು. ಆರನೆಯದು ಬಂದಾಗ ಇಲ್ಲ ಅನ್ನಬೇಕಾಗುತ್ತದೆ.

ಹಾಗೆ ಇಲ್ಲ ಅನ್ನೋದು ಕಲ್ಲು ಮನಸ್ಸು ಅಂತ ಅನ್ನಿಸಬಹುದು. ಆದರೆ ಜಾಗ ಮೀರಿ ತುಂಬಿದ ಕಡೆ ಏನಾಗುತ್ತದೆ ನೋಡಿ. ಊಟಕ್ಕೆ ಕಚ್ಚಾಟ ಶುರುವಾಗುತ್ತದೆ. ಬಡಕಲು ನಾಯಿಗೆ ತಟ್ಟೆ ಸಿಗಲ್ಲ. ಒಂದಕ್ಕೆ ಕಜ್ಜಿ ಬಂದರೆ ವಾರದಲ್ಲಿ ಎಲ್ಲಕ್ಕೂ ಬರುತ್ತದೆ. ಬೀದಿಯಲ್ಲಿ ಬದುಕಬಹುದಾಗಿದ್ದ ಮರಿ ಒಳಗೆ ಬಂದು ಸಾಯುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಅನ್ನೋ ಮಾತು ಈ ಕೆಲಸದಲ್ಲಿ ಜೀವ ಉಳಿಸುತ್ತದೆ.

ನಮ್ಮ ಹತ್ತಿರ ಶೆಡ್ ಹಾಕಿಸೋಷ್ಟು ದುಡ್ಡಿದೆ. ಕಟ್ಟಿಬಿಡಲಾ?

ಬೇಡ, ಇನ್ನೂ ಒಂದು ವರ್ಷ ತಡೆಯಿರಿ. ಆ ದುಡ್ಡನ್ನ ಚಿಕಿತ್ಸೆಗೆ, ಸಂತಾನಹರಣ ಶಸ್ತ್ರಚಿಕಿತ್ಸೆಗೆ, ಲಸಿಕೆಗೆ ಇಟ್ಟುಕೊಳ್ಳಿ. ಕರೆದಾಗ ಬರುವ ಒಬ್ಬ ಪಶುವೈದ್ಯರು, ತಾತ್ಕಾಲಿಕವಾಗಿ ಮನೆಯಲ್ಲಿ ಒಂದೊಂದು ಪ್ರಾಣಿ ಇಟ್ಟುಕೊಳ್ಳುವ ಏಳೆಂಟು ಕುಟುಂಬ, ಒಂದು ವಾಹನ: ಇಷ್ಟು ಸಿಕ್ಕರೆ ಕಟ್ಟಡ ಇಲ್ಲದೆಯೇ ಬಹಳಷ್ಟು ಕೆಲಸ ಆಗುತ್ತದೆ. ವಿದ್ಯಾನಗರದ ಒಂದು ಮನೆಯ ವರಾಂಡದಲ್ಲಿ ಎರಡು ಮರಿ ಇದ್ದರೆ ಅವಕ್ಕೆ ರೋಗ ತಗಲುವ ಭಯ ಕಮ್ಮಿ. ಮನುಷ್ಯರ ಜೊತೆ ಹೊಂದಿಕೊಳ್ಳುವುದನ್ನೂ ಕಲಿಯುತ್ತವೆ, ಬೇಗ ದತ್ತು ಹೋಗುತ್ತವೆ.

ಒಂದು ವರ್ಷ ಹೀಗೆ ನಡೆಸಿದರೆ ನಿಮ್ಮ ಊರಿಗೆ ನಿಜವಾಗಿ ಏನು ಬೇಕು ಅಂತ ಗೊತ್ತಾಗುತ್ತದೆ. ಮುರಿದ ಕಾಲಿನ ನಾಯಿಗಳೇ ಜಾಸ್ತಿ ಬರುತ್ತಿವೆಯೋ, ಹೋರಿಕರುಗಳೋ, ಮರಿಗಳೋ? ಶೆಡ್ ಅದಕ್ಕೆ ತಕ್ಕ ಹಾಗೆ ಇರಬೇಕು.

ಟ್ರಸ್ಟ್ ಮಾಡೋದಾ, ಸೊಸೈಟಿ ಮಾಡೋದಾ?

ಎರಡೂ ನಡೆಯುತ್ತದೆ. ಟ್ರಸ್ಟ್ ಆದರೆ ಟ್ರಸ್ಟ್ ಡೀಡ್ ಬರೆಸಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಕಡಿಮೆ ಜನ ಸಾಕು. ಸೊಸೈಟಿ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು, ಪ್ರತಿ ವರ್ಷ ಸಭೆ, ಲೆಕ್ಕ, ವರದಿ ಸಲ್ಲಿಸಬೇಕು. ನನಗೆ ಸೊಸೈಟಿಯೇ ಮೇಲು ಅನ್ನಿಸುತ್ತದೆ. ಏಳು ಜನ ಸಹಿ ಹಾಕಿ ಜವಾಬ್ದಾರಿ ಹೊರಲು ಸಿಗಲಿಲ್ಲ ಅಂದರೆ ದಿನಾ ಬೆಳಗ್ಗೆ ಸಗಣಿ ಬಾಚಲು ಯಾರು ಸಿಗುತ್ತಾರೆ?

ಆಮೇಲೆ ಸಂಸ್ಥೆಯ ಹೆಸರಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ ಮಾಡಿಸಿ. ನಿಮ್ಮ ಸ್ವಂತ ಖಾತೆಗೆ, ಸ್ವಂತ ಫೋನ್ ಪೇ ನಂಬರಿಗೆ ಒಂದು ರೂಪಾಯಿ ದೇಣಿಗೆಯನ್ನೂ ಹಾಕಿಸಿಕೊಳ್ಳಬೇಡಿ.

ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕೇ ಬೇಕಾ?

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1962ರಲ್ಲಿ ಶುರುವಾದದ್ದು. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅದರ ಮೊದಲ ಅಧ್ಯಕ್ಷೆ. ಕಚೇರಿ ಈಗ ಹರಿಯಾಣದ ಬಲ್ಲಭಗಢದಲ್ಲಿದೆ. ಗಾಯಗೊಂಡ ನಾಯಿಗೆ ಔಷಧ ಹಾಕಿಸಲು ಯಾವ ಮಾನ್ಯತೆಯೂ ಬೇಕಿಲ್ಲ. ಆದರೆ ಪಾಲಿಕೆಯ ಪರವಾಗಿ ಬೀದಿನಾಯಿಗಳ ಸಂತಾನ ನಿಯಂತ್ರಣ ಮಾಡಬೇಕೆಂದರೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಮಂಡಳಿಯ ಮಾನ್ಯತೆ ಇರಲೇಬೇಕು. ಸಹಾಯಧನ ಬೇಕಿದ್ದರೂ ಅಷ್ಟೇ. ಅವರು ಕೇಳುವುದು ಮುಖ್ಯವಾಗಿ ಲೆಕ್ಕಪತ್ರ ಮತ್ತು ದಾಖಲೆ. ಮೊದಲ ದಿನದಿಂದಲೇ ಒಂದು ರಿಜಿಸ್ಟರ್ ಇಡಿ: ಪ್ರಾಣಿ ಬಂದ ದಿನ, ಸಿಕ್ಕ ಜಾಗ, ಫೋಟೋ, ಕೊಟ್ಟ ಚಿಕಿತ್ಸೆ, ಹೋದ ದಿನ, ಎಲ್ಲಿಗೆ ಹೋಯಿತು. ಸತ್ತದ್ದನ್ನೂ ಕಾರಣದ ಸಮೇತ ಬರೆಯಿರಿ.

ಜಾಗ ಹೇಗಿರಬೇಕು?

ಮೊದಲು ನೀರು ನೋಡಿ. ಹರಿಹರ, ದಾವಣಗೆರೆ ಕಡೆ ಭದ್ರಾ ನಾಲೆ ಇದೆ ಅಂತ ಧೈರ್ಯ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋದರೆ ಕಥೆ ಬೇರೆ. ಚಳ್ಳಕೆರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಆ ಭಾಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನೇ ವರ್ಷಗಟ್ಟಲೆ ಕುಡಿದರೆ ದನಕ್ಕೂ ಹಲ್ಲು ಸವೆಯುತ್ತದೆ, ಕೀಲು ಬಿಗಿಯುತ್ತದೆ. ಜಾಗ ತೆಗೆದುಕೊಳ್ಳುವ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಬೋರಿನಲ್ಲಿ ಎಷ್ಟು ನೀರಿದೆ ಅನ್ನೋದನ್ನ ಏಪ್ರಿಲ್ ತಿಂಗಳಲ್ಲೇ ನೋಡಬೇಕು. ಅಕ್ಟೋಬರ್‌ನಲ್ಲಿ ನೋಡಿದರೆ ಏನೂ ಗೊತ್ತಾಗಲ್ಲ.

ಎರಡನೆಯದು ಬಿಸಿಲು. ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಒಳಗೆ ಬಿಸಿಲು ಕಡಿಮೆ ಬೀಳುತ್ತದೆ. ತಗಡಿನ ಕೆಳಗೆ ಮಧ್ಯಾಹ್ನ ಮನುಷ್ಯರೇ ನಿಲ್ಲೋಕಾಗಲ್ಲ. ಮೇಲೆ ಸುಣ್ಣ ಬಳಿಸಿ, ಅದರ ಮೇಲೆ ತೆಂಗಿನ ಗರಿ ಹಾಸಿ. ಚನ್ನಗಿರಿ ಕಡೆಯವರಿಗೆ ಅಡಿಕೆ ಸೋಗೆ ಸುಲಭವಾಗಿ ಸಿಗುತ್ತದೆ. ಒಂದು ಬೇವಿನ ಮರ ಇರುವ ಜಾಗಕ್ಕೆ ಸ್ವಲ್ಪ ಜಾಸ್ತಿ ಬಾಡಿಗೆ ಕೊಟ್ಟರೂ ನಷ್ಟವಿಲ್ಲ.

ನೆಲ ಒರಟಾಗಿರಬೇಕು, ಇಳಿಜಾರಾಗಿರಬೇಕು, ಚರಂಡಿ ಹೊರಗಿರಬೇಕು. ನುಣುಪು ಟೈಲ್ಸ್ ಹಾಕಿಸಿದರೆ ದನ ಜಾರಿ ಸೊಂಟ ಮುರಿದುಕೊಳ್ಳುತ್ತದೆ.

ಕೃಷಿ ಜಮೀನಾದರೆ ಭೂ ಪರಿವರ್ತನೆ ಬೇಕಾ ಅಂತ ತಹಶೀಲ್ದಾರ್ ಕಚೇರಿಯಲ್ಲಿ, ಕಟ್ಟಡಕ್ಕೆ ಪಂಚಾಯಿತಿ ಅಥವಾ ಪಾಲಿಕೆಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಬಾಡಿಗೆ ಜಾಗ ಆದರೆ ಕರಾರು ಕನಿಷ್ಠ ಐದು ವರ್ಷದ್ದಿರಲಿ. ಅರ್ಧದಲ್ಲಿ ಖಾಲಿ ಮಾಡಿ ಅಂದರೆ ನಲವತ್ತು ನಾಯಿ ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಪಕ್ಕದವರು ತಕರಾರು ಮಾಡ್ತಾರೆ.

ಅವರ ಕಷ್ಟವೂ ನಿಜ. ರಾತ್ರಿ ಬೊಗಳಾಟ, ವಾಸನೆ, ನೊಣ ಇದ್ದರೆ ಯಾರು ತಾನೇ ಸಹಿಸುತ್ತಾರೆ? ಮನೆಗಳಿಂದ ದೂರ ಜಾಗ ಹಿಡಿಯಿರಿ. ನಾಯಿಗಳಿಗೆ ರಸ್ತೆ ಕಾಣದ ಹಾಗೆ ಗೋಡೆ ಅಥವಾ ತಡಿಕೆ ಕಟ್ಟಿಸಿ. ಬೊಗಳಾಟ ಅರ್ಧ ಅಲ್ಲೇ ಕಡಿಮೆಯಾಗುತ್ತದೆ. ಸಗಣಿಗೆ ಗೊಬ್ಬರದ ಗುಂಡಿ ಮಾಡಿ. ಪಕ್ಕದ ಹೊಲದವರು ಅದನ್ನ ಕೇಳಿ ಒಯ್ಯುತ್ತಾರೆ. ಅಲ್ಲಿಂದ ಮಾತುಕತೆ ಶುರುವಾಗುತ್ತದೆ.

ದಿನಕ್ಕೆ ಎಷ್ಟು ಮೇವು, ಎಷ್ಟು ನೀರು?

300 ಕೆಜಿ ತೂಕದ ಹಸುವಿಗೆ ದಿನಕ್ಕೆ ಸುಮಾರು 6ರಿಂದ 8 ಕೆಜಿ ಒಣಮೇವಿನಷ್ಟು ಆಹಾರ ಬೇಕು, 40ರಿಂದ 60 ಲೀಟರ್ ನೀರು ಬೇಕು. ಹತ್ತು ಹಸು ಅಂದರೆ ತಿಂಗಳಿಗೆ ಸುಮಾರು ಎರಡು ಟನ್ ಆಗುತ್ತದೆ. ಮೆಕ್ಕೆಜೋಳದ ಸೊಪ್ಪೆ ನಮ್ಮಲ್ಲಿ ಬೇಕಾದಷ್ಟಿದೆ, ಶೇಂಗಾ ಹೊಟ್ಟು ಚಳ್ಳಕೆರೆ ಕಡೆಯಿಂದ ಬರುತ್ತದೆ, ರಾಗಿಹುಲ್ಲೂ ಸಿಗುತ್ತದೆ. ಕಟಾವಿನ ಹೊತ್ತಿಗೆ ಕೊಂಡು ಬಣವೆ ಹಾಕಿಬಿಡಿ. ಬೇಸಿಗೆಯಲ್ಲಿ ಕೊಳ್ಳಲು ಹೋದರೆ ರೇಟು ಕೈಗೆ ಸಿಗಲ್ಲ.

ಎರಡು ವಿಷಯದಲ್ಲಿ ಎಚ್ಚರ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರಿನಲ್ಲಿ ಸೈನೈಡ್ ವಿಷ ಇರುತ್ತದೆ. ದನ ಮೇದ ಸ್ವಲ್ಪ ಹೊತ್ತಿಗೇ ಬಿದ್ದು ಸಾಯುತ್ತದೆ. ರೈತರಿಗೆ ಇದು ಗೊತ್ತಿರುತ್ತದೆ, ಊರಿನ ಸ್ವಯಂಸೇವಕರಿಗೆ ಗೊತ್ತಿರಲ್ಲ. ಎರಡನೆಯದು, ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ. ಅಗ್ಗಕ್ಕೆ, ಎಷ್ಟೋ ಸಲ ಪುಕ್ಕಟೆಯಾಗೇ ಸಿಗುತ್ತದೆ. ಅದರಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ, ಯಕೃತ್ತು ಹಾಳಾಗುತ್ತದೆ. ದನಕ್ಕೂ ಹಾಕಬೇಡಿ, ಕುದಿಸಿ ನಾಯಿಗೂ ಹಾಕಬೇಡಿ. ಕುದಿಸಿದರೆ ಆ ವಿಷ ಹೋಗಲ್ಲ.

ಮದುವೆ ಮನೆ, ಹಾಸ್ಟೆಲ್‌ಗಳಲ್ಲಿ ಉಳಿದ ಊಟ ತಂದು ನಾಯಿಗಳಿಗೆ ಹಾಕಬಹುದಾ?

ಬಿಳಿ ಅನ್ನ, ಚಪಾತಿ, ಬೇಯಿಸಿದ ಮೊಟ್ಟೆ, ಮಸಾಲೆ ಇಲ್ಲದ ಕೋಳಿ ಹಾಕಬಹುದು. ಪಲಾವ್, ಪಲ್ಯ, ಗ್ರೇವಿ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಿತ್ರದುರ್ಗ ಈರುಳ್ಳಿ ಬೆಳೆಯುವ ಸೀಮೆ, ನಮ್ಮ ಅಡುಗೆಯಲ್ಲಿ ಅದಿಲ್ಲದ ಪದಾರ್ಥವೇ ಇಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಬರೀ ಮಂಡಕ್ಕಿ ಹಾಲು ಹಾಕಿ ಸಾಕುತ್ತೇವೆ ಅನ್ನುವವರಿದ್ದಾರೆ. ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮೈಗೆ ಏನೂ ಹತ್ತಲ್ಲ.

ಬೀದಿನಾಯಿಗಳನ್ನೆಲ್ಲ ಹಿಡಿದು ತಂದು ಇಟ್ಟುಕೊಂಡರೆ ಊರಿಗೂ ಒಳ್ಳೆಯದಲ್ವಾ?

ಆಗಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗಕ್ಕೇ ಬಿಡಬೇಕು. ಒಂದು ಬೀದಿಯ ನಾಯಿಗಳನ್ನು ಖಾಲಿ ಮಾಡಿದರೆ ಅಲ್ಲಿನ ಕಸ, ಕೋಳಿ ಅಂಗಡಿಯ ತ್ಯಾಜ್ಯ ಹಾಗೇ ಇರುತ್ತದೆ. ಪಕ್ಕದ ಬೀದಿಯ ನಾಯಿಗಳು ಬಂದು ಸೇರುತ್ತವೆ, ಅವಕ್ಕೆ ಲಸಿಕೆಯೂ ಆಗಿರಲ್ಲ. ಹೆಣ್ಣು ನಾಯಿ ಬಸಿರಾಗಿ 63 ದಿನಕ್ಕೆ ಮರಿ ಹಾಕುತ್ತದೆ. ಹಿಡಿದು ಕೂಡಿಹಾಕುತ್ತಾ ಹೋದರೆ ಎಂದೂ ಮುಗಿಯಲ್ಲ.

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಇದೇ ಕ್ರಮವನ್ನು ಎತ್ತಿಹಿಡಿಯಿತು. ರೇಬೀಸ್ ತಗುಲಿದ ಮತ್ತು ಮೇಲೆ ಬೀಳುವ ನಾಯಿಗಳನ್ನು ಮಾತ್ರ ವಾಪಸ್ ಬಿಡಬಾರದು ಅಂದಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸ್ ಬಿಡದೆ ಆಶ್ರಯಧಾಮದಲ್ಲಿ ಇಡಬೇಕು ಅಂತ ಆದೇಶಿಸಿತು. ಇದರಿಂದ ಪಾಲಿಕೆಗಳಿಗೆ ಜಾಗದ ಒತ್ತಡ ಬಂದಿದೆ, ನಿಮ್ಮಂಥವರನ್ನೂ ಕೇಳಬಹುದು. ಒಪ್ಪುವ ಮೊದಲು ಎಷ್ಟು ನಾಯಿ, ಊಟದ ಖರ್ಚು ಯಾರದ್ದು, ವೈದ್ಯರು ಯಾರು ಅನ್ನೋದು ಒಪ್ಪಂದದ ಕಾಗದದಲ್ಲಿ ಇರಲಿ.

ಬೀಡಾಡಿ ದನಗಳನ್ನ ಏನು ಮಾಡೋದು?

ಪಿ.ಬಿ. (ಪುಣೆ ಬೆಂಗಳೂರು) ರಸ್ತೆಯಲ್ಲಿ ರಾತ್ರಿ ಮಲಗಿರುವ ದನಗಳನ್ನೆಲ್ಲ ಅನಾಥ ಅಂದುಕೊಳ್ಳಬೇಡಿ. ಬಹಳಷ್ಟಕ್ಕೆ ಮಾಲೀಕರಿದ್ದಾರೆ. ಹಾಲು ಕರೆದು ಹೊರಗೆ ಬಿಡುತ್ತಾರೆ, ಮತ್ತೆ ಹಾಲು ಕರೆಯುವ ಹೊತ್ತಿಗೆ ವಾಪಸ್ ಬರುತ್ತವೆ. ಕಿವಿಯಲ್ಲಿ ಹಳದಿ ಬಿಲ್ಲೆ ಇದ್ದರೆ ಅದರ ಮೇಲಿನ 12 ಅಂಕಿಯ ನಂಬರ್ ಬರೆದುಕೊಂಡು ಪಶುಪಾಲನಾ ಇಲಾಖೆಯಲ್ಲಿ ಕೊಡಿ, ಮಾಲೀಕರು ಯಾರು ಅಂತ ಸಿಗುತ್ತದೆ. ಕೇಳದೆ ತಂದು ಕಟ್ಟಿಹಾಕಿದರೆ ದನ ಕದ್ದ ಆರೋಪ ನಿಮ್ಮ ಮೇಲೆಯೇ ಬರುತ್ತದೆ. ಪಾಲಿಕೆಗೆ ಅಥವಾ ಪೊಲೀಸರಿಗೆ ತಿಳಿಸಿ, ಕಾಗದ ಮಾಡಿಕೊಂಡೇ ತನ್ನಿ.

ನಿಜಕ್ಕೂ ಬಿಟ್ಟುಹೋದವು ಬೇರೆ ಇವೆ. ಸೀಮೆಹಸುವಿನ ಹೋರಿಕರು, ಗೊಡ್ಡು ಹಸು, ಉಳಲಾಗದ ಎತ್ತು. ಟ್ರ್ಯಾಕ್ಟರ್ ಬಂದ ಮೇಲೆ ಹೋರಿಕರು ಯಾರಿಗೂ ಬೇಡ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಕಸಾಯಿಖಾನೆಗೆ ಮಾರುವ ದಾರಿಯೂ ಇಲ್ಲ. ಬರಗಾಲದಲ್ಲಿ ಸಣ್ಣ ರೈತ ತನ್ನ ಮಕ್ಕಳಿಗೆ ನೋಡಬೇಕೋ, ಎತ್ತಿಗೆ ನೋಡಬೇಕೋ? ಅವನನ್ನ ಬೈಯುವುದರಿಂದ ಏನೂ ಆಗಲ್ಲ. ಕೆಲವು ಸಲ ಎರಡು ತಿಂಗಳಿಗೆ ಆಗುವಷ್ಟು ಮೇವು ಅವನ ಕೊಟ್ಟಿಗೆಗೇ ಕಳಿಸಿದರೆ ಪ್ರಾಣಿ ಅಲ್ಲೇ ಉಳಿಯುತ್ತದೆ. ನಿಮ್ಮ ಖರ್ಚೂ ಎಷ್ಟೋ ಕಡಿಮೆ.

ಊರ ದನಗಳ ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದು, ಮೆಲುಕು ನಿಂತಿದ್ದರೆ ಪ್ಲಾಸ್ಟಿಕ್ ಅಂತ ಅನುಮಾನಿಸಿ. ಪಶುವೈದ್ಯರು ಎಡ ಪಕ್ಕೆಯಲ್ಲಿ ಕೊಯ್ದು ಹೊಟ್ಟೆಗೆ ಕೈ ಹಾಕಿ ತೆಗೆಯುತ್ತಾರೆ. ಹೊರಗೆ ಬರುವುದು ಹಗ್ಗದ ಹಾಗೆ ಹೆಣೆದುಕೊಂಡ ಕವರುಗಳು, ನಡುವೆ ಮೊಳೆ, ಗುಂಡುಪಿನ್ನು, ತೊಗಲಿನ ಚೂರು. ಕವರಿನ ಗಂಟು ಬಿಚ್ಚದೆ ಅನ್ನ ಎಸೆದದ್ದು ಹಾಗೇ ಗಂಟು ಗಂಟಾಗಿ ಸಿಗುತ್ತದೆ. ಶಾಲೆ ಮಕ್ಕಳಿಗೆ ಇದನ್ನ ತೋರಿಸಿ. ಅವರು ಮನೆಗೆ ಹೋಗಿ ಹೇಳುವ ಮಾತಿಗೆ ನಮ್ಮ ಭಾಷಣಕ್ಕಿಂತ ಜಾಸ್ತಿ ಬೆಲೆ.

ದೇವರ ಎತ್ತುಗಳನ್ನೂ ಸೇರಿಸಿಕೊಳ್ಳಬಹುದಾ?

ಅವು ಬಿಟ್ಟುಹೋದ ದನಗಳಲ್ಲ. ನಾಯಕನಹಟ್ಟಿ, ಮೊಳಕಾಲ್ಮೂರು ಸುತ್ತಮುತ್ತ ಮ್ಯಾಸಬೇಡ ಸಮುದಾಯದ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಎತ್ತುಗಳ ಹಿಂಡುಗಳಿವೆ. ಕಿಲಾರಿಗಳು ಅವನ್ನು ಕಾಯುತ್ತಾರೆ, ತಲೆಮಾರುಗಳಿಂದ ಬಂದ ಕಟ್ಟುಪಾಡು ಅದು. ಮಳೆ ಹೋದ ವರ್ಷ ಅವರಿಗೆ ಬೇಕಾಗುವುದು ಮೇವು ಮತ್ತು ನೀರು. ಅದನ್ನ ಅವರ ಹಟ್ಟಿಗೇ ತಲುಪಿಸಿ, ಕಿಲಾರಿಯ ಕೈಗೆ ಕೊಟ್ಟು ಬನ್ನಿ.

ಹೊಸ ಪ್ರಾಣಿಯನ್ನ ಬೇರೆ ಇಡಲೇಬೇಕಾ?

ಇಡಲೇಬೇಕು, ಹದಿನಾಲ್ಕು ದಿನ. ಇದನ್ನ ಪಾಲಿಸಲು ಆಗಲ್ಲ ಅಂದರೆ ಆಶ್ರಯಧಾಮ ಶುರು ಮಾಡಬೇಡಿ.

ಪಾರ್ವೊ ಅನ್ನೋ ವೈರಸ್ ಮರಿಗಳ ಕರುಳಿಗೆ ಬರುತ್ತದೆ. ಮೊದಲು ಮಂಕಾಗುತ್ತವೆ, ಊಟ ಬಿಡುತ್ತವೆ, ವಾಂತಿ ಮಾಡುತ್ತವೆ, ಆಮೇಲೆ ರಕ್ತದ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯಲ್ಲ. ವೈರಸ್ ಒಳಗೆ ಹೋಗಿ ರೋಗ ಕಾಣಿಸಿಕೊಳ್ಳಲು ಸುಮಾರು ಒಂದು ವಾರ ಬೇಕು. ಅಂದರೆ ಬಂದ ದಿನ ಕುಣಿಯುತ್ತಿದ್ದ ಮರಿಯಲ್ಲೂ ಅದು ಇರಬಹುದು. ನೆಲದಲ್ಲಿ, ಬೌಲಿನಲ್ಲಿ, ನಿಮ್ಮ ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಒಂದು ವರ್ಷ ದಾಟಿದರೂ ಇರುತ್ತದೆ.

ಫಿನಾಯಿಲ್ ಹಾಕಿ ತೊಳೆದೆವು ಅಂತ ನೆಮ್ಮದಿಯಾಗಿರಬೇಡಿ. ಪಾರ್ವೊ ಫಿನಾಯಿಲ್‌ಗೆ ಜಗ್ಗಲ್ಲ, ಮೇಲಾಗಿ ಅದು ಬೆಕ್ಕುಗಳಿಗೆ ವಿಷ. ಮೊದಲು ಹೇಲು, ಕೂದಲು ಎಲ್ಲ ತೆಗೆದು ಸೋಪಿನ ನೀರಲ್ಲಿ ಉಜ್ಜಿ. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು ಹತ್ತು ನಿಮಿಷ ಬಿಡಿ, ನಂತರ ತೊಳೆಯಿರಿ. ಕೊಳೆ ಮೇಲೆಯೇ ಬ್ಲೀಚ್ ಹಾಕಿದರೆ ಕೆಲಸ ಮಾಡಲ್ಲ. ಮಣ್ಣಿನ ನೆಲವನ್ನು ಹೀಗೆ ಶುದ್ಧ ಮಾಡಲು ಆಗಲ್ಲ, ಆದ್ದರಿಂದ ಮರಿಗಳ ಕೋಣೆಗೆ ಸಿಮೆಂಟು ನೆಲ ಬೇಕು.

ಬೇರೆ ಕೋಣೆ, ಬೇರೆ ಬೌಲು, ಬೇರೆ ಪೊರಕೆ, ಬೇರೆ ಚಪ್ಪಲಿ. ಬೆಳಗ್ಗೆ ಮೊದಲು ಆರೋಗ್ಯವಾಗಿರುವ ಮರಿಗಳ ಕೋಣೆ, ಆಮೇಲೆ ದೊಡ್ಡ ನಾಯಿಗಳದ್ದು, ಕೊನೆಗೆ ಹೊಸಬರದ್ದು, ತೀರಾ ಕೊನೆಗೆ ಕಾಯಿಲೆಯವರದ್ದು. ಈ ಸಾಲನ್ನು ಗೋಡೆ ಮೇಲೆ ಬರೆದಿಡಿ. ನೋಡಲು ಬಂದ ಅತಿಥಿಗಳನ್ನ ಹೊಸಬರ ಕೋಣೆಗೆ ಬಿಡಬೇಡಿ, ಎಷ್ಟು ದೊಡ್ಡ ದಾನಿಯೇ ಆಗಿರಲಿ.

ಮರಿಗಳಿಗೆ ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಹದಿನಾರು ವಾರ ಆಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ದನಗಳಿಗೆ ಕಾಲುಬಾಯಿ ಜ್ವರ, ಗಳಲೆ, ಚಪ್ಪೆರೋಗ, ಚರ್ಮಗಂಟು ರೋಗದ ಲಸಿಕೆಗಳನ್ನು ಪಶುಪಾಲನಾ ಇಲಾಖೆಯವರ ಹತ್ತಿರ ಹಾಕಿಸಿ.

ರೇಬೀಸ್ ಬಗ್ಗೆ ಏನೇನು ಗೊತ್ತಿರಬೇಕು?

ಲಕ್ಷಣ ಕಾಣಿಸಿಕೊಂಡ ಮೇಲೆ ಇದಕ್ಕೆ ಮದ್ದಿಲ್ಲ, ನಾಯಿಗೂ ಇಲ್ಲ, ಮನುಷ್ಯರಿಗೂ ಇಲ್ಲ. ಪ್ರಾಣಿ ಮುಟ್ಟುವ ಪ್ರತಿಯೊಬ್ಬರೂ, ಊಟ ಹಾಕುವವರು, ಗಾಡಿ ಓಡಿಸುವವರು ಕೂಡ, ಮುಂಚೆಯೇ ಲಸಿಕೆ ಹಾಕಿಸಿಕೊಂಡಿರಬೇಕು: ಮೊದಲ ದಿನ, ಏಳನೆಯ ದಿನ, ಮತ್ತೆ 21 ಅಥವಾ 28ನೆಯ ದಿನ. ಹೀಗೆ ಹಾಕಿಸಿಕೊಂಡವರಿಗೆ ಆಮೇಲೆ ನಾಯಿ ಕಚ್ಚಿದರೆ ಎರಡೇ ಇಂಜೆಕ್ಷನ್ ಸಾಕು, ಕಚ್ಚಿದ ದಿನ ಮತ್ತು ಮೂರು ದಿನ ಬಿಟ್ಟು.

ಕಚ್ಚಿದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ನೇರ ಆಸ್ಪತ್ರೆಗೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ನಾಯಿ ಕಡಿತದ ಲಸಿಕೆ ಉಚಿತ. ಉಗುರಿನ ಗೀರಿದ್ದರೂ ಹೋಗಿ. ಮರಿ ಕಚ್ಚಿದ್ದು, ಏನಾಗಲ್ಲ ಬಿಡು ಅನ್ನೋ ಮಾತು ಕೇಳಿ ಸತ್ತವರಿದ್ದಾರೆ.

ನಾಯಿಗೆ ಜೊಲ್ಲು, ಓಲಾಡುವ ನಡಿಗೆ, ಬದಲಾದ ಧ್ವನಿ, ಕೆಳದವಡೆ ಜೋತುಬಿದ್ದಿರುವುದು ಕಂಡರೆ ಬಾಯಿಗೆ ಕೈ ಹಾಕಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿರಬಹುದು ಅಂತ ನೋಡಲು ಹೋಗುವುದೇ ದೊಡ್ಡ ಅಪಾಯ. ದನಕ್ಕೂ ರೇಬೀಸ್ ಬರುತ್ತದೆ, ಅದೂ ಗಂಟಲು ಕಟ್ಟಿದ ಹಾಗೇ ಕಾಣುತ್ತದೆ. ಬೇರೆ ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರನ್ನ ಕರೆಸಿ. ಆರೋಗ್ಯವಾಗಿ ಕಾಣುವ ನಾಯಿ ಕಚ್ಚಿದ್ದರೆ ಹತ್ತು ದಿನ ಕಣ್ಣಿಡಿ. ಆದರೆ ಹತ್ತು ದಿನ ಆಗಲಿ ಅಂತ ನಿಮ್ಮ ಲಸಿಕೆ ಮುಂದೂಡಬೇಡಿ.

ಗಾಯದಲ್ಲಿ ಹುಳ ಬಿದ್ದಿದ್ದರೆ?

ನಮ್ಮ ಕಡೆ ಅತಿ ಹೆಚ್ಚು ಬರುವ ಕೇಸು ಇದು. ಕಿವಿ ಹಿಂದೆ, ಕುತ್ತಿಗೆ, ಬಾಲದ ಬುಡದಲ್ಲಿ, ನಾಯಿ ತನ್ನ ನಾಲಿಗೆಯಲ್ಲಿ ನೆಕ್ಕಲಾಗದ ಜಾಗದಲ್ಲಿ ನೊಣ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಹುಳ ಆಗುತ್ತವೆ. ಹೊರಗೆ ನೋಡಿದರೆ ಕಾಸಿನಗಲದ ತೂತು, ಒಳಗೆ ಮಾಂಸದಲ್ಲಿ ಬೆರಳುದ್ದದ ಗುಹೆ.

ಮೊದಲು ಬಾಯಿಗೆ ಬಟ್ಟೆ ಕಟ್ಟಿ, ನೋವಿಗೆ ಎಂಥ ಪಾಪದ ನಾಯಿಯೂ ಕಚ್ಚುತ್ತದೆ. ಸುತ್ತಲಿನ ಕೂದಲು ಕತ್ತರಿಸಿ. ಪಶುವೈದ್ಯರು ಹೇಳಿದ ಸ್ಪ್ರೇ ಹಾಕಿ ಐದು ಹತ್ತು ನಿಮಿಷ ಕಾದರೆ ಹುಳ ಉಸಿರಿಗಾಗಿ ಮೇಲೆ ಬರುತ್ತವೆ. ಆಗ ಚಿಮುಟದಲ್ಲಿ ಒಂದೊಂದಾಗಿ ತೆಗೆಯಿರಿ. ಒಂದೇ ದಿನಕ್ಕೆ ಮುಗಿಯಲ್ಲ. ಮಾರನೇ ದಿನ ಇನ್ನೊಂದು ಪದರ ಬರುತ್ತದೆ, ಮೂರನೇ ದಿನವೂ ನೋಡಬೇಕು. ಸೀಮೆಎಣ್ಣೆ, ಪೆಟ್ರೋಲ್, ನುಸಿಗುಳಿಗೆ ಪುಡಿ ಹಾಕಬೇಡಿ. ಹುಳದ ಜೊತೆ ಜೀವ ಇರುವ ಮಾಂಸವೂ ಸುಡುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಗಾಯ ಕೆಂಪಗಾಗಿ, ಅಂಚಿನಿಂದ ಗುಲಾಬಿ ಬಣ್ಣದ ಹೊಸ ಮಾಂಸ ತುಂಬಿಕೊಳ್ಳಲು ಶುರುವಾದರೆ ಗೆದ್ದ ಹಾಗೆ. ಅಲ್ಲಿಗೆ ನೊಣ ಕೂರದ ಹಾಗೆ ನೋಡಿಕೊಳ್ಳುವುದೊಂದೇ ಉಳಿದ ಕೆಲಸ.

ಇನ್ನೊಂದು ಮಾತು. ಮನುಷ್ಯರ ಮಾತ್ರೆ ಕೊಡಬೇಡಿ. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಕೊಟ್ಟರೂ ಸಾಯಬಹುದು.

ಕಣ್ಣು ಬಿಡದ ಮರಿಗಳು ಸಿಕ್ಕರೆ?

ತಕ್ಷಣ ಎತ್ತಿಕೊಳ್ಳಬೇಡಿ. ತಾಯಿ ಊಟ ಹುಡುಕಲು ಹೋಗಿರುತ್ತದೆ. ದೂರ ನಿಂತು ಕೆಲವು ಗಂಟೆ ನೋಡಿ. ಅಪಾಯದ ಜಾಗದಲ್ಲಿದ್ದರೆ ಮಾತ್ರ ಹತ್ತಿರದಲ್ಲೇ ನೆರಳಿಗೆ ಸರಿಸಿ. ತಾಯಿ ಸತ್ತದ್ದು ಖಚಿತ ಆದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಮೈ ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗಲ್ಲ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ, ಹಸುವಿನ ಹಾಲು ಭೇದಿ ಮಾಡಿಸುತ್ತದೆ. ಹೊಟ್ಟೆ ಅಡಿಯಾಗಿ ಮಲಗಿಸಿಯೇ ಕುಡಿಸಿ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಲ್ಲಿ ಕೆಳಗೆ ಮೆಲ್ಲಗೆ ಒರೆಸಬೇಕು, ಇಲ್ಲದಿದ್ದರೆ ಅವಕ್ಕೆ ಉಚ್ಚೆ ಹೋಗಲ್ಲ.

ಕೋತಿ, ನವಿಲು, ಉಡ, ಗಿಣಿ ತಂದುಕೊಟ್ಟರೆ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ, ಒಳ್ಳೆ ಉದ್ದೇಶ ಇದ್ದರೂ. ಅರಣ್ಯ ಇಲಾಖೆಗೆ ಒಪ್ಪಿಸಿ. ಜೋಗಿಮಟ್ಟಿ, ರಂಗಯ್ಯನದುರ್ಗ ವನ್ಯಧಾಮ ಎರಡೂ ನಮ್ಮ ಹತ್ತಿರ ಇರುವುದರಿಂದ ಇಂಥ ಕರೆ ಬಂದೇ ಬರುತ್ತವೆ. ವಲಯ ಅರಣ್ಯಾಧಿಕಾರಿ ಕಚೇರಿಯ ನಂಬರ್ ಗೋಡೆ ಮೇಲೆ ಇರಲಿ.

ರಾತ್ರಿ ಗೇಟಿನ ಮುಂದೆ ಪೆಟ್ಟಿಗೆಯಲ್ಲಿ ಮರಿ ಬಿಟ್ಟು ಹೋಗ್ತಾರೆ.

ಬೋರ್ಡು ಹಾಕಿದ ವಾರದಲ್ಲೇ ಶುರುವಾಗುತ್ತದೆ. ಅದಕ್ಕೇ ವಿಳಾಸವನ್ನು ಎಲ್ಲ ಕಡೆ ಹಾಕಬೇಡಿ, ಫೋನ್ ನಂಬರ್ ಕೊಡಿ. ಕ್ಯಾಮೆರಾ ಹಾಕಿಸಿ. ಹಸಿವು ಬಾಯಾರಿಕೆಗೆ ಬೀಳುವ ಹಾಗೆ ಪ್ರಾಣಿ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ ಇವತ್ತಿಗೂ 10ರಿಂದ 50 ರೂಪಾಯಿ. ಆ ಕಾಯ್ದೆ ತಿದ್ದುಪಡಿ ಆಗಲೇಬೇಕು, ಅದನ್ನ ಕೇಳುವ ದನಿ ನಮ್ಮಂಥ ಊರುಗಳಿಂದಲೂ ಏಳಬೇಕು.

ಫೋನ್ ಮಾಡಿ ಬಿಡ್ತೀನಿ ಅನ್ನುವವರ ಹತ್ತಿರ ತಾಳ್ಮೆಯಿಂದ ಮಾತಾಡಿ. ಮನೆ ಮಾಲೀಕರ ಕಾಟ, ಚರ್ಮದ ಕಾಯಿಲೆ, ಬೊಗಳಾಟ, ಪದೇ ಪದೇ ಮರಿ ಹಾಕುವುದು: ಕಾರಣ ಕೇಳಿದರೆ ಅರ್ಧಕ್ಕೆ ಪರಿಹಾರ ಇರುತ್ತದೆ. ಶಸ್ತ್ರಚಿಕಿತ್ಸೆಯ ಖರ್ಚು ನಾವು ಕೊಡ್ತೀವಿ, ನಾಯಿ ನೀವೇ ಇಟ್ಟುಕೊಳ್ಳಿ ಅಂದಾಗ ಒಪ್ಪುವವರು ಇದ್ದಾರೆ. ಆಸೆಗೆ ಹಸ್ಕಿ, ಸೇಂಟ್ ಬರ್ನಾರ್ಡ್ ತಂದು ನಮ್ಮ ಬಿಸಿಲಿಗೆ ಕಟ್ಟಿಹಾಕಿ ಸಾಕಾಗಿ ಬಿಡುವವರ ಜೊತೆ ಮಾತು ಕಷ್ಟ. ಅಂಥ ನಾಯಿಯನ್ನ ಒಳಗೆ ತೆಗೆದುಕೊಳ್ಳಿ.

ದತ್ತು ಕೊಡುವಾಗ ಏನು ನೋಡಬೇಕು?

ಮನೆಗೆ ಹೋಗಿ ನೋಡಿ, ಮನೆಯ ಎಲ್ಲರೂ ಒಪ್ಪಿದ್ದಾರಾ ಕೇಳಿ. ಸಂತಾನಹರಣ ಮಾಡಿಸಿಯೇ ಕೊಡಿ. ಸಾಕಲು ಆಗದಿದ್ದರೆ ನಮಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಳ್ಳಿ. ಬೀದಿಯಿಂದ ಬಂದ ಊರ ನಾಯಿಗಳನ್ನೂ ಜಾತಿನಾಯಿಗಳಷ್ಟೇ ಚೆನ್ನಾಗಿ ಫೋಟೋ ತೆಗೆದು ತೋರಿಸಿ. ನಮ್ಮ ಹವೆಗೆ ಅವಕ್ಕಿಂತ ಒಳ್ಳೆಯ ನಾಯಿ ಇಲ್ಲ. ಹೊಲ ಕಾಯಲು ಬೇಕು ಅಂತ ಕೇಳುವ ರೈತರಿಗೂ ಕೊಡಿ, ಆದರೆ ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕುವವರಿಗೆ ಬೇಡ.

ಯಾವುದೇ ದಾರಿ ಇಲ್ಲದಷ್ಟು ನರಳುತ್ತಿರುವ ಪ್ರಾಣಿ?

ದಯಾಮರಣ ಕೊಡಬೇಕಾ ಅನ್ನೋದನ್ನ ಪಶುವೈದ್ಯರೇ ತೀರ್ಮಾನ ಮಾಡಬೇಕು, ಅವರ ಕೈಯಿಂದಲೇ ಆಗಬೇಕು, ನೋವಿಲ್ಲದೆ ಆಗಬೇಕು. ಬೇರೆ ನಾಯಿಗಳ ಎದುರು ಮಾಡಬಾರದು. ಜಾಗ ಇಲ್ಲ, ದುಡ್ಡಿಲ್ಲ ಅನ್ನೋದು ಇದಕ್ಕೆ ಎಂದೂ ಕಾರಣ ಆಗಬಾರದು. ಬೆನ್ನುಮೂಳೆ ಪುಡಿಯಾಗಿ, ಮೂತ್ರ ನಿಂತು, ರಾತ್ರಿಯಿಡೀ ಕೂಗುವ ನಾಯಿಯನ್ನ ನಮ್ಮ ಸಮಾಧಾನಕ್ಕಾಗಿ ಉಳಿಸಿಕೊಳ್ಳುವುದೂ ಸರಿಯಲ್ಲ. ಆ ದಿನ ಅದರ ಹತ್ತಿರ ಕೂರಲು ಅದಕ್ಕೆ ಪರಿಚಯವಿರುವ ಒಬ್ಬರು ಇರಲಿ.

ದುಡ್ಡು ಎಲ್ಲಿಂದ ಬರಬೇಕು?

ಒಂದು ಲಕ್ಷ ಕೊಡುವ ಒಬ್ಬರಿಗಿಂತ ತಿಂಗಳಿಗೆ ಇನ್ನೂರು ಕೊಡುವ ನೂರು ಜನರನ್ನ ಹುಡುಕಿ. ಮೇವು ದಿನಾ ಬೇಕು ಅಲ್ವಾ. ಅಕ್ಕಿ ಗಿರಣಿ, ಎಪಿಎಂಸಿ ವರ್ತಕರ ಹತ್ತಿರ ನುಚ್ಚು, ತೌಡು, ಖಾಲಿ ಚೀಲ ಕೇಳಿ, ಇಲ್ಲ ಅನ್ನಲ್ಲ. ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯಾಗಿ ನೋಂದಣಿ (1961ರ ಕಾಯ್ದೆಯಲ್ಲಿ 12ಎ ಮತ್ತು 80ಜಿ ಅನ್ನುತ್ತಿದ್ದದ್ದು) ಆದರೆ ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುತ್ತದೆ, ಆದರೆ ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಸಿಗಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಲ್ಲಿ ಪ್ರಾಣಿ ಕಲ್ಯಾಣಕ್ಕೂ ಅವಕಾಶ ಇದೆ. ಗೋಶಾಲೆಗಳಿಗಾಗಿ ರಾಜ್ಯ ಸರ್ಕಾರ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ತಂದಿತು, ಒಂದು ಹಸುವಿಗೆ ವರ್ಷಕ್ಕೆ 11,000 ರೂಪಾಯಿ. ಮೇಲಿನ ಮೇವಿನ ಲೆಕ್ಕ ನೋಡಿದರೆ ಅಷ್ಟರಲ್ಲೇ ವರ್ಷ ಕಳೆಯಲ್ಲ ಅನ್ನೋದು ಗೊತ್ತಾಗುತ್ತದೆ. ಆರು ತಿಂಗಳ ಖರ್ಚು ಖಾತೆಯಲ್ಲಿ ಇಲ್ಲದೆ ಹೊಸ ಪ್ರಾಣಿ ಸೇರಿಸಬೇಡಿ.

ಕೆಲಸದವರ ಸಂಬಳವನ್ನು ಮೊದಲು ತೆಗೆದಿಡಿ. ಬರೀ ಸ್ವಯಂಸೇವಕರಿಂದ ನಡೆಯಲ್ಲ. ಪರೀಕ್ಷೆ ಬಂದರೆ ವಿದ್ಯಾರ್ಥಿಗಳು ಬರಲ್ಲ, ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗುತ್ತಾರೆ. ದೀಪಾವಳಿ ರಾತ್ರಿ ಪಟಾಕಿಗೆ ಹೆದರಿ ನಡುಗುವ ನಾಯಿಗಳ ಹತ್ತಿರ ಯಾರಿರುತ್ತಾರೆ ಅನ್ನೋದು ಸೆಪ್ಟೆಂಬರ್‌ನಲ್ಲೇ ತೀರ್ಮಾನ ಆಗಿರಬೇಕು.

ಯಾರೋ ಪ್ರಾಣಿಗೆ ಹಿಂಸೆ ಕೊಡೋದು ಕಂಡರೆ?

ವಿಡಿಯೋ, ಜಾಗ, ಸಮಯ, ಗಾಡಿ ನಂಬರ್ ಇಟ್ಟುಕೊಂಡು ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ದೂರು ಕೊಡಿ. ಪ್ರಾಣಿಯನ್ನು ಕೊಂದರೆ ಅಥವಾ ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು. ದೂರಿನಲ್ಲಿ ಆ ಸೆಕ್ಷನ್ ನೀವೇ ಬರೆಯಿರಿ. ಕೈ ಮಾಡಲು ಹೋಗಬೇಡಿ, ಆ ವಿಡಿಯೋವನ್ನ ಎಲ್ಲ ಗ್ರೂಪಿಗೂ ಹಂಚಬೇಡಿ. ಮೊದಲು ಪ್ರಾಣಿಗೆ ಚಿಕಿತ್ಸೆ ಆಗಲಿ. ಪಶುವೈದ್ಯರ ಪ್ರಮಾಣಪತ್ರವೇ ಮುಂದೆ ಸಾಕ್ಷಿ.

ಈಗ, ಈ ಕ್ಷಣ, ನನ್ನ ಮುಂದೆ ಗಾಡಿ ಗುದ್ದಿದ ಪ್ರಾಣಿ ಬಿದ್ದಿದೆ. ಏನು ಮಾಡಲಿ?

ಮೊದಲು ನಿಮ್ಮ ಗಾಡಿಯ ಲೈಟ್ ಹಾಕಿ ಹಿಂದಿನ ವಾಹನ ನಿಲ್ಲಿಸಿ. ನಾಯಿಯಾದರೆ ಮುಖದ ಮೇಲೆ ಬಟ್ಟೆ ಹಾಕಿ, ಬಾಯಿ ಕಟ್ಟಿ, ಗಟ್ಟಿ ರಟ್ಟು ಅಥವಾ ಹಲಗೆ ಮೇಲೆ ಜಾರಿಸಿ ಎತ್ತಿ. ಕಾಲು ಹಿಡಿದು ಎಳೆದರೆ ಮುರಿದ ಬೆನ್ನುಮೂಳೆ ಇನ್ನೂ ಕೆಡುತ್ತದೆ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಮಡಿಸಿ ಐದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ದನವಾದರೆ ಒಬ್ಬರೇ ಎಬ್ಬಿಸಲು ಹೋಗಬೇಡಿ, ಪಕ್ಕಕ್ಕೆ ವಾಲಿದ್ದರೆ ಎದೆಯ ಮೇಲೆ ಕೂರುವ ಹಾಗೆ ಚೀಲ, ಹುಲ್ಲು ಒತ್ತುಕೊಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ. ಪಶುಪಾಲನಾ ಇಲಾಖೆಯ ಪಶು ಸಂಜೀವಿನಿ ಆಂಬುಲೆನ್ಸ್ ನಂಬರ್ 1962, ಉಚಿತ ಕರೆ. ಕರೆ ಮಾಡಿದಾಗ ಹೆದ್ದಾರಿಯ ಕಿಲೋಮೀಟರ್ ಕಲ್ಲು, ಹತ್ತಿರದ ಪೆಟ್ರೋಲ್ ಬಂಕ್ ಅಥವಾ ಡಾಬಾದ ಹೆಸರು ಹೇಳಿ. ಅವರು ಬರುವವರೆಗೆ ಅಲ್ಲೇ ಇರಿ.